ಕಪ್ಪು ತೆರೆಯ ಮೇಲೆ ಅವ್ವನ ಕಸೂತಿ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಆಟೋರಿಕ್ಷಾದಲ್ಲಿ. ಡಬ್ಬಿ, ಕೀಬೋರ್ಡ್, ವೈರುಗಳ ಗಂಟು ಎಲ್ಲ ಅಪ್ಪನ ಕಾಲ ಬಳಿ ಇದ್ದವು. ಮಾನಿಟರ್ ಮಾತ್ರ ಅವರ ತೊಡೆಯ ಮೇಲಿತ್ತು. ಅದಕ್ಕೆ ಸುತ್ತಲೆಂದು ಬೆಳಿಗ್ಗೆಯೇ ಮನೆಯಿಂದ ಒಂದು ಕೌದಿ ಒಯ್ದಿದ್ದರು. ಎರಡನೆಯ ಮಹಡಿಗೆ ಅದನ್ನು ಹೊತ್ತು ಬಂದಾಗ ಅವರ ಮುಖ ಕೌದಿಯ ಹಿಂದೆ ಪೂರ್ತಿ ಮರೆಯಾಗಿತ್ತು. ಅವ್ವ ಬಾಗಿಲಲ್ಲೇ ನಿಂತು, "ಸಾವಕಾಶ ಬರ್ರಿ, ಮೆಟ್ಟಲಾ ನೋಡ್ರಿ" ಎಂದು ಒಂದೊಂದು ಮೆಟ್ಟಿಲಿಗೂ ಹೇಳುತ್ತಿದ್ದಳು.

ತೊಂಬತ್ತರ ದಶಕದ ನಡುವಿನ ಮಾತು ಇದು. ನಾವಿದ್ದದ್ದು ಪುಣೆಯಲ್ಲಿ, ಬಿಬವೇವಾಡಿಯ ಎರಡು ಕೋಣೆಗಳ ಮನೆಯಲ್ಲಿ, ಮೂವರೇ. ಅಪ್ಪ ಮಾರ್ಕೆಟ್ ಯಾರ್ಡಿನ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನಾನು ಧನಕವಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಕಾಯುತ್ತಿದ್ದೆ ಎನ್ನಬೇಕು. ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ನಾಲ್ವರು, ವಾರಕ್ಕೆ ಎರಡು ಸಲ. ಅಪ್ಪನ ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಮಾಲೀಕರು, "ನಿಮ್ಮ ಮಗಳು ಕಲೀಲಿಕ್ಕತ್ಯಾಳಲ್ರಿ, ಒಯ್ರಿ" ಎಂದು ಅಪ್ಪನಿಗೆ ಕೊಟ್ಟುಬಿಟ್ಟರಂತೆ. ಅವರೂ ಅಪ್ಪನಂತೆ ಬಾಗಲಕೋಟೆ ಕಡೆಯವರು.

ಆ ಮಾನಿಟರ್ ಕಪ್ಪು-ಬಿಳುಪಿನದು. ಮುಂದಿನಿಂದ ನೋಡಿದರೆ ಸಣ್ಣ ಟೀವಿಯಷ್ಟೇ. ಹಿಂದಿನ ಬೆನ್ನು ಮಾತ್ರ ಎಷ್ಟು ಉದ್ದವೆಂದರೆ ಮೇಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು ಇಡಬೇಕಾಯಿತು. ಆ ಸಂದಿನಲ್ಲಿ ಬಿದ್ದ ಪೆನ್ನು, ಹೇರ್‌ಪಿನ್ನು ಯಾವುದೂ ಮತ್ತೆ ಸಿಗುತ್ತಿರಲಿಲ್ಲ. ಗುಂಡಿ ಒತ್ತಿದರೆ ಟಣ್ ಎಂದು ಒಳಗೆ ಏನೋ ಬಿಗಿದ ಹಾಗೆ ಸದ್ದು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಅನಂತರ ನಿಧಾನವಾಗಿ ಬೆಳಕು. ಗಾಜಿನ ಹತ್ತಿರ ಮೊಣಕೈ ಒಯ್ದರೆ ಕೂದಲು ನಿಮಿರುತ್ತಿದ್ದವು. ಒಂದು ತಾಸು ನಡೆಸಿದರೆ ಕಾದ ಪ್ಲಾಸ್ಟಿಕ್ಕಿನ ಮತ್ತು ಧೂಳಿನ ಒಂದು ವಾಸನೆ ಕೋಣೆಯಲ್ಲಿ ನಿಲ್ಲುತ್ತಿತ್ತು. ಆ ವಾಸನೆ ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಪ್ರತಿ ಗುರುವಾರ ದುರಸ್ತಿಗೆಂದು ಹಗಲೆಲ್ಲ ಕರೆಂಟ್ ತೆಗೆದಾಗಲೂ ಮಾನಿಟರಿನ ಹಿಂದಿನ ಜಾಲರಿಗೆ ಮೂಗು ಹಚ್ಚಿ ನೋಡುತ್ತಿದ್ದೆ.

ಬಂದ ದಿನವೇ ನಾನು ಮನೆಯಲ್ಲಿ ನಿಯಮ ಮಾಡಿದೆ. ಆ ಮೇಜಿನ ಮೇಲೆ ಚಹಾ ಲೋಟ ಇಡಬಾರದು. ಒದ್ದೆ ಅರಿವೆಯಿಂದ ಒರೆಸಬಾರದು. ನಾನು ಇಲ್ಲದಾಗ ಯಾರೂ ಮುಟ್ಟಬಾರದು. ಅಪ್ಪ ನಕ್ಕು ಆಯಿತೆಂದರು. ಅವ್ವ ನಗಲಿಲ್ಲ. ಹಳೆಯ ಸೀರೆಯ ಅಂಚಿನಿಂದ ಮಾನಿಟರಿಗೊಂದು ಗವುಸು ಹೊಲಿದು ಕೊಟ್ಟಳು, ಅದೂ ಕೈ ಹೊಲಿಗೆಯಲ್ಲಿ. ಹೊಲಿಗೆ ಅಂಕುಡೊಂಕಾಗಿತ್ತು. ಅದನ್ನು ನೋಡಿ ನನಗೆ ಬೇಸರವಾದದ್ದು ನೆನಪಿದೆ, ಯಾಕೆಂದರೆ ಅವ್ವನ ಕೈಯ ಹೊಲಿಗೆ ಎಂದೂ ಡೊಂಕಾದದ್ದಲ್ಲ.

ಅವ್ವ ಕಸೂತಿ ಬಲ್ಲವಳು. ಧಾರವಾಡದ ಹತ್ತಿರದ ಊರಲ್ಲಿ ಅವಳ ದೊಡ್ಡಮ್ಮ ಕಲಿಸಿದ್ದು. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಏನೂ ಬರೆದುಕೊಳ್ಳದೆ, ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಕುವ ಕೆಲಸ ಅದು. ನಾಲ್ಕು ಎಳೆ ಬಿಟ್ಟು ಒಂದು ಹೊಲಿಗೆ, ಮತ್ತೆ ನಾಲ್ಕು. ಎಲ್ಲೂ ಗಂಟು ಹಾಕುವಂತಿಲ್ಲ. ಬಟ್ಟೆ ಮಗುಚಿದರೆ ಹಿಂದೆಯೂ ಅದೇ ಚಿತ್ರ ಕಾಣಬೇಕು. ಆನೆ, ನವಿಲು, ತೊಟ್ಟಿಲು, ತುಳಸಿಕಟ್ಟೆ, ಪಲ್ಲಕ್ಕಿ, ಗೋಪುರ ಎಲ್ಲವೂ ಅವಳಿಗೆ ಎಣಿಕೆಯಲ್ಲೇ ಬಾಯಿಪಾಠ. ನನಗೆ ಹತ್ತು ವರ್ಷವಾದಾಗ ಕಲಿಸಲು ಕೂತಳು. ಎರಡನೆಯ ದಿನವೇ ನಾನು ಎದ್ದು ಹೋದೆ. ಎಣಿಸುವುದು ನನಗೆ ಆಗುತ್ತಿರಲಿಲ್ಲ.

ನಲವತ್ತು ದಾಟುತ್ತಲೇ ಅವಳ ಕಣ್ಣು ಮಂಜಾದವು. ಡಾಕ್ಟರು ಚಷ್ಮಾ ಕೊಟ್ಟರು, ಬದಲಿಸಿದರು, ಕಡೆಗೆ ಪೊರೆ ಬರುತ್ತಿದೆ, ಇನ್ನೂ ಬಲಿತಿಲ್ಲ, ಈಗಲೇ ಆಪರೇಶನ್ ಬೇಡ ಎಂದರು. ದೂರದ್ದು ಸಾಧಾರಣ ಕಾಣುತ್ತಿತ್ತು, ಅಡುಗೆ ನಡೆಯುತ್ತಿತ್ತು, ಎಳೆ ಮಾತ್ರ ಕಾಣುತ್ತಿರಲಿಲ್ಲ. ಒಂದು ದಿನ ಅರ್ಧ ಮಾಡಿದ್ದ ಕುಪ್ಪಸದ ಬಟ್ಟೆಯನ್ನು ಮಡಚಿ ಟ್ರಂಕಿನಲ್ಲಿಟ್ಟಳು. "ಸಾಕಾತು" ಎಂದಳು, ಅಷ್ಟೇ.

ಮಳೆಗಾಲದ ಒಂದು ಮಧ್ಯಾಹ್ನ. ನಾನು ಚಿತ್ರ ಬಿಡಿಸುವ ಒಂದು ಪ್ರೋಗ್ರಾಮಿನಲ್ಲಿ ಏನೋ ಗೀಚುತ್ತಿದ್ದೆ. ಅದರಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡುವ ಅನುಕೂಲವಿತ್ತು. ಹಿಗ್ಗಿಸಿದರೆ ಗೆರೆಯೆಲ್ಲ ಒಡೆದು ಕಡಲೆಕಾಳಿನಷ್ಟು ದೊಡ್ಡ ಚೌಕಗಳಾಗಿ ನಿಲ್ಲುತ್ತಿತ್ತು. ಅವ್ವ ಒಣಗಿದ ಬಟ್ಟೆ ಮಡಚುತ್ತ ನನ್ನ ಹಿಂದೆ ಬಂದಳು. ಅವಳ ಕೈ ನಿಂತದ್ದು ನನಗೆ ಗೊತ್ತಾಯಿತು.

"ಇದೇನಿದು, ಎಳಿ ಎಣಿಸಿಧಂಗ ಅದಲ?"

"ಎಳಿ ಅಲ್ಲವ್ವಾ, ಚುಕ್ಕಿ. ಎಲ್ಲಾ ಚಿತ್ರ ಇಂಥಾ ಚುಕ್ಕಿಯಿಂದನ ಆಗೋದು."

"ಹೌದೇನು?" ಅವಳು ಬಾಗಿ ನೋಡಿದಳು. "ನನಗ ಒಂದೊಂದೂ ಬ್ಯಾರೆ ಬ್ಯಾರೆ ಕಾಣ್ಲಿಕ್ಕತ್ತದ. ಎಣಸ್ಲಿಕ್ಕೆ ಬರ್ತದ." ಸ್ವಲ್ಪ ಹೊತ್ತಿನ ಮೇಲೆ ಸಂಕೋಚದಿಂದ ಕೇಳಿದಳು. "ಇದನ್ನ ಕರಿ ಮಾಡ್ಲಿಕ್ಕೆ ಬರ್ತದೇನು? ಹಿಂದಿನ ಬಣ್ಣ?"

ನಾನು ತೆರೆಯನ್ನು ಪೂರ್ತಿ ಕಪ್ಪು ಮಾಡಿ, ಬರೆಯುವ ಬಣ್ಣ ಬಿಳಿ ಮಾಡಿ ತೋರಿಸಿದೆ.

"ಚಂದ್ರಕಾಳಿ ಸೀರಿ ಆತಲ್ಲ ಇದು!" ಎಂದಳು ಅವ್ವ. ಚಂದ್ರಕಾಳಿ ಎಂದರೆ ಕಪ್ಪು ಸೀರೆ, ಕಸೂತಿ ಹಾಕಲಿಕ್ಕೆಂದೇ ಇರುವಂಥದ್ದು. ಅವಳ ಮದುವೆಯಲ್ಲಿ ದೊಡ್ಡಮ್ಮ ಅಂಥದೊಂದು ಕೊಟ್ಟಿದ್ದಳಂತೆ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಆ ದಿನಗಳಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಆಮೇಲಿನದನ್ನು ನೆನೆಸಿಕೊಂಡಾಗ ಇದನ್ನೂ ನೆನೆಸಿಕೊಳ್ಳುತ್ತೇನೆ.

ಮೌಸ್ ಅವಳಿಗೆ ಬೇಗ ಒಗ್ಗಲಿಲ್ಲ. ಅದನ್ನು ಸಾಬೂನಿನ ತುಂಡು ಎನ್ನುತ್ತಿದ್ದಳು, ಹಿಡಿದರೆ ಜಾರುತ್ತದೆ ಎಂದು. ಬಾಣದ ಗುರುತು ತೆರೆಯ ಅಂಚಿಗೆ ಹೋಗಿ ಕಾಣದಾದರೆ ಮೇಜಿನ ಕೆಳಗೆ ಬಿತ್ತೇನೋ ಎನ್ನುವಂತೆ ಬಗ್ಗಿ ನೋಡುತ್ತಿದ್ದಳು. ಎರಡು ವಾರದಲ್ಲಿ ಕೈ ಕೂತಿತು. ಅವಳಿಗೆ ಬೇಕಾದದ್ದು ಬಹಳವೇನೂ ಇರಲಿಲ್ಲ. ಚುಕ್ಕಿ ಹಾಕುವುದು, ಅಳಿಸುವುದು, ಉಳಿಸುವುದು, ತೆರೆಯುವುದು. ಇಂಗ್ಲಿಷ್ ಅಕ್ಷರ ಅವಳಿಗೆ ಬರುತ್ತಿರಲಿಲ್ಲವಾದ್ದರಿಂದ ಫೈಲುಗಳಿಗೆ ಹೆಸರಿನ ಬದಲು ಅಂಕಿ ಇಡುವುದನ್ನು ಕಲಿಸಿದೆ. ಒಂದು, ಎರಡು, ಮೂರು. ಯಾವ ಅಂಕಿಯಲ್ಲಿ ಯಾವ ಚಿತ್ರವಿದೆ ಎಂದು ಅವಳಿಗೆ ಪಕ್ಕಾ ನೆನಪಿರುತ್ತಿತ್ತು.

ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಚೆನ್ನಾಗಿ ಒರೆಸಿಕೊಂಡು, ಗವುಸು ತೆಗೆದು ಕೂಡುತ್ತಿದ್ದಳು. ನಾಲ್ಕಕ್ಕೆ ಎದ್ದು ಚಹಾ ಇಡುತ್ತಿದ್ದಳು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಯಂತ್ರ ಬಂದಾಗಿರುತ್ತಿತ್ತು, ಮಾನಿಟರಿನ ನೆತ್ತಿ ಮಾತ್ರ ಬೆಚ್ಚಗಿರುತ್ತಿತ್ತು. ನಾನು ಇಲ್ಲದಾಗ ಮುಟ್ಟಬಾರದೆಂಬ ನಿಯಮ ಹೀಗೆ ತಾನಾಗಿಯೇ ಹೋಯಿತು.

ಅವಳು ಬಿಡಿಸುತ್ತಿದ್ದದ್ದು ದೊಡ್ಡಮ್ಮನ ಚಿತ್ರಗಳು. ಎಷ್ಟೋ ವರ್ಷ ಹಾಕಿರದ ಚಿತ್ರಗಳನ್ನು ತಲೆಯಿಂದ ತೆಗೆಯಬೇಕಿತ್ತು. ಕೆಲವು ಒಂದೇ ಮಧ್ಯಾಹ್ನದಲ್ಲಿ ಬರುತ್ತಿದ್ದವು. ಕೆಲವಕ್ಕೆ ವಾರ ಹಿಡಿಯುತ್ತಿತ್ತು. ರೊಟ್ಟಿ ಬಡಿಯುವಾಗ ಕೈ ನಿಲ್ಲಿಸಿ, "ಏಳಲ್ಲ, ಒಂಬತ್ತು" ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಬಡಿಯುತ್ತಿದ್ದಳು. ಅಪ್ಪ ಊಟಕ್ಕೆ ಕೂತಾಗ, "ಇವತ್ತ ನವಿಲಿನ ಪುಕ್ಕ ಸಿಕ್ತ್ರಿ" ಎನ್ನುತ್ತಿದ್ದಳು, ಕಳೆದುಹೋದದ್ದು ಸಿಕ್ಕ ಹಾಗೆ. ಒಂದೇ ದೂರು ಅವಳದು. "ಇದಕ್ಕ ಹಿಂದಿನ ಮೈ ಇಲ್ಲಲ್ಲ ಯವ್ವಾ. ಮುಂದ ಎಷ್ಟ ಛಂದ ಆದ್ರೂ ಹಿಂದ ಹ್ಯಾಂಗ ಬಂತು ಅಂತ ನೋಡಿದ್ರನ ಸಮಾಧಾನ."

ನಮ್ಮ ಕೆಳಗಿನ ಮನೆಯಲ್ಲಿ ಮರಾಠಿ ಕುಟುಂಬವಿತ್ತು. ಆ ಮನೆಯ ಹೆಂಗಸನ್ನು ನಾನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವ್ವನಿಗೆ ಮರಾಠಿ ತರಕಾರಿ ಕೊಳ್ಳುವಷ್ಟು ಬರುತ್ತಿತ್ತು, ಕಾಕುಗೆ ಕನ್ನಡ ಬರುತ್ತಲೇ ಇರಲಿಲ್ಲ. ಇಪ್ಪತ್ತು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದರೂ ಇಬ್ಬರ ನಡುವೆ ನಗು ಮತ್ತು ಕೊತ್ತಂಬರಿ ಸೊಪ್ಪಿನ ವ್ಯವಹಾರವಷ್ಟೇ ಇದ್ದದ್ದು. ಒಂದು ಮಧ್ಯಾಹ್ನ ಕಾಕು ವಿರಜಣ ಕೇಳಲು, ಎಂದರೆ ಹಾಲಿಗೆ ಹೆಪ್ಪು ಹಾಕಲು ಮೊಸರು ಕೇಳಲು ಬಂದವರು ಮಾನಿಟರಿನಲ್ಲಿ ಆನೆಗಳ ಸಾಲನ್ನು ನೋಡಿ ನಿಂತುಬಿಟ್ಟರು. "ಕಿತೀ ಛಾನ್!" ಎಂದರು. ಎಷ್ಟು ಚೆಂದ! ತಾವೇ ಬಿಡಿಸಿದಿರಾ ಎಂದು ಅವ್ವನನ್ನು ಬೆರಳು ಸನ್ನೆಯಲ್ಲಿ ಕೇಳಿದರು. ಅವ್ವ ಹೂಂ ಎಂದು ತಲೆಯಾಡಿಸಿದಳು.

ಆಮೇಲೆ ಕಾಕು ದಿನವೂ ಬರತೊಡಗಿದರು. ಚೌಕುಳಿ ಹಾಳೆಯ ಪುಸ್ತಕ ತಂದು, ತೆರೆ ನೋಡಿ ಚುಕ್ಕಿ ಚುಕ್ಕಿಯಾಗಿ ಆನೆಯನ್ನು ಇಳಿಸಿಕೊಂಡರು. ಅವರ ತಂಗಿಯ ಮಗಳ ಮದುವೆಯಿತ್ತು, ಅವಳ ಕುಪ್ಪಸಕ್ಕೆ ಹಾಕಬೇಕೆಂದು. ಅವ್ವ ಅವರಿಗೆ ಎಣಿಕೆ ಹೇಳಿಕೊಟ್ಟಳು. ಹೀಗೆ ಅವ್ವನಿಗೆ ಮರಾಠಿಯ ಅಂಕಿಗಳು ಸರಿಯಾಗಿ ಬಂದವು, ಕಾಕುಗೆ ಕನ್ನಡದ ಒಂದರಿಂದ ಹತ್ತು. ನಾನು ಬಾಗಿಲು ತೆಗೆಯುವಾಗ ಒಳಗಿನಿಂದ ಇಬ್ಬರೂ ಎರಡು ಭಾಷೆಯಲ್ಲಿ ಎಣಿಸುವುದು ಕೇಳುತ್ತಿತ್ತು. ಅದು ಚೆಂದವೆಂದು ನನಗೆ ಆಗ ಅನಿಸಲಿಲ್ಲ. ನಿಜ ಹೇಳಬೇಕೆಂದರೆ ಕಿರಿಕಿರಿಯಾಗುತ್ತಿತ್ತು. ಅದು ನನ್ನ ಕಂಪ್ಯೂಟರ್. ಅಪ್ಪ ನನಗೆಂದು ತಂದದ್ದು. ಗೆಳತಿಯರಿಗೆ, "ನಮ್ಮ ಮನೆಯಲ್ಲಿದೆ" ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಮನೆಗೆ ಬಂದರೆ ಅದರ ಮುಂದೆ ಇಬ್ಬರು ಹೆಂಗಸರು ಕುಪ್ಪಸದ ಮಾತು ಆಡುತ್ತ ಕೂತಿರುತ್ತಿದ್ದರು.

ಕಡೆಯ ವರ್ಷ ನಮಗೆ ಪ್ರಾಜೆಕ್ಟ್ ಇತ್ತು. ನಾನೂ ಒಬ್ಬ ಗೆಳತಿಯೂ ಸೇರಿ ಲೈಬ್ರರಿಯ ಪುಸ್ತಕಗಳ ಲೆಕ್ಕ ಇಡುವ ಪ್ರೋಗ್ರಾಮ್ ಬರೆದೆವು. ನಾಲ್ಕು ತಿಂಗಳ ಕೆಲಸ. ಬರೆದದ್ದೆಲ್ಲ ನಮ್ಮ ಮನೆಯ ಯಂತ್ರದಲ್ಲಿತ್ತು, ಒಂದು ಪ್ರತಿ ಫ್ಲಾಪಿಯಲ್ಲಿ. ಸೋಮವಾರ ಒಪ್ಪಿಸಬೇಕು. ಶುಕ್ರವಾರ ಮಧ್ಯಾಹ್ನ ಬೇಗ ಮನೆಗೆ ಬಂದೆ. ಅವ್ವನೂ ಕಾಕುವೂ ಆಗಷ್ಟೇ ಎದ್ದಿದ್ದರು. ನಾನು ಕೂತು ಪ್ರಾಜೆಕ್ಟ್ ತೆರೆದೆ. ತೆರೆಯ ತುಂಬ ಅರ್ಥವಿಲ್ಲದ ಗುರುತುಗಳು, ನಗುವ ಮುಖಗಳು, ಅಡ್ಡ ಗೀಟುಗಳು. ಇನ್ನೊಂದು ಫೈಲ್ ತೆರೆದೆ, ಅದೂ ಹಾಗೆಯೇ. ಫ್ಲಾಪಿ ಹಾಕಿ ನೋಡಿದೆ. ಅದರಲ್ಲೂ ಅಷ್ಟೇ.

"ಅವ್ವಾ, ಇವತ್ತ ಏನ್ ಮಾಡಿದಿ ಇದರಾಗ?"

ಅವಳಿಗೆ ನನ್ನ ದನಿಯಿಂದಲೇ ಗಾಬರಿಯಾಯಿತು. "ಏನಿಲ್ಲಲ್ಲ... ಪಲ್ಲಕ್ಕಿ ಅರ್ಧಾ ಮಾಡಿದೆ. ಮೊನ್ನಿ ಉಳಸೋಮುಂದ ಅದು ಏನೋ ಕೇಳ್ತು. ನನಗ ಓದ್ಲಿಕ್ಕೆ ಬರಲಿಲ್ಲ. ಹೌದು ಅಂತ ಒತ್ತಿದೆ."

ಅಷ್ಟು ಸಾಕಾಯಿತು ನನಗೆ. ಏನು ಕೇಳಿತ್ತು, ಯಾವ ಫೈಲಿನ ಬಗ್ಗೆ ಕೇಳಿತ್ತು, ಅದರಿಂದ ಫ್ಲಾಪಿಯೊಳಗಿನದು ಹೇಗೆ ಕೆಡಲು ಸಾಧ್ಯ ಎಂದು ಒಂದು ಗಳಿಗೆ ಯೋಚಿಸಲಿಲ್ಲ. ಮೂರು ವರ್ಷ ಅದನ್ನೇ ಓದಿದವಳು ನಾನು. ಬಾಯಿಗೆ ಬಂದಂತೆ ಕೂಗಾಡಿದೆ. ಇದು ನಿನ್ನ ಒಲೆಯಲ್ಲ, ರೊಟ್ಟಿಯ ಹಂಚಲ್ಲ, ಓದಲು ಬಾರದವರು ಇದರ ಮುಂದೆ ಯಾಕೆ ಕೂಡಬೇಕು ಎಂದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ನಡುವೆ ಮರಾಠಿಗೆ ಹೊರಳಿದೆ. ಮನೆಯೊಳಗೆ ನಾವು ಎಂದೂ ಮರಾಠಿ ಆಡಿದವರಲ್ಲ. ಬಾಗಿಲಲ್ಲಿ ನಿಂತಿದ್ದ ಕಾಕುಗೂ ತಿಳಿಯಲಿ, ಅವರೂ ನಾಳೆಯಿಂದ ಬಾರದಿರಲಿ ಎಂದು ಬೇಕೆಂದೇ ಹೊರಳಿದೆ. ಕಾಕು ತಮ್ಮ ಪುಸ್ತಕ ತೆಗೆದುಕೊಂಡು ಮೆಟ್ಟಿಲು ಇಳಿದರು. ಅವ್ವ ನಿಂತಲ್ಲೇ ನಿಂತಿದ್ದಳು. ಅವಳಿಗೆ ನನ್ನ ಮರಾಠಿ ಎಲ್ಲ ತಿಳಿದಿರಲಿಕ್ಕಿಲ್ಲ. ತಿಳಿದಷ್ಟು ಸಾಕಿತ್ತು.

"ನನ್ನಿಂದ ಆತಲ್ಲ" ಎಂದಳು.

ಆ ಸಂಜೆಯೇ ನಾನು ಯಂತ್ರಕ್ಕೆ ಪಾಸ್‌ವರ್ಡ್ ಹಾಕಿದೆ. ಗುಂಡಿ ಒತ್ತಿದ ಕೂಡಲೇ ಕೇಳುವಂಥದ್ದು. ಅದನ್ನು ಒತ್ತದೆ ಮುಂದೆ ಏನೂ ತೆರೆಯುತ್ತಿರಲಿಲ್ಲ.

ಸೋಮವಾರ ಕಾಲೇಜಿಗೆ ಅಳುಮುಖ ಮಾಡಿಕೊಂಡು ಹೋದರೆ ಅಲ್ಲಿ ನನ್ನಂತೆ ಇನ್ನೂ ಐದಾರು ಜನ. ಲ್ಯಾಬಿನ ಯಂತ್ರಗಳಿಗೆ ಎಲ್ಲಿಂದಲೋ ವೈರಸ್ ಬಂದಿತ್ತು. ಅಲ್ಲಿ ಫ್ಲಾಪಿ ಹಾಕಿದವರೆಲ್ಲ ಅದನ್ನು ಮನೆಗೆ, ಗೆಳೆಯರ ಮನೆಗೆ ಒಯ್ದಿದ್ದರು. ಅದು ಸದ್ದಿಲ್ಲದೆ ಕೂತು ಫೈಲುಗಳನ್ನು ಒಂದೊಂದಾಗಿ ಕೆಡಿಸುತ್ತಿತ್ತು. ನಮ್ಮ ಮೇಷ್ಟ್ರು ಎಲ್ಲರಿಗೂ ಹದಿನೈದು ದಿನ ಹೆಚ್ಚಿಗೆ ಕೊಟ್ಟರು. ಗೆಳತಿಯ ಹತ್ತಿರ ಹಿಂದಿನ ತಿಂಗಳು ತೆಗೆಸಿದ ಪ್ರಿಂಟ್ ಇತ್ತು. ಅದನ್ನು ನೋಡಿ ಇಬ್ಬರೂ ಮತ್ತೆ ಟೈಪ್ ಮಾಡಿದೆವು. ಪ್ರಾಜೆಕ್ಟ್ ಪಾಸಾಯಿತು, ಒಳ್ಳೆಯ ಅಂಕಗಳೂ ಬಂದವು.

ಆ ಫ್ಲಾಪಿಯನ್ನು ಮನೆಗೆ ತಂದವಳು ನಾನು. ಅವ್ವನ ಯಾವ ಹೌದಿಗೂ ಇದಕ್ಕೂ ಸಂಬಂಧವಿರಲಿಲ್ಲ.

ಸೋಮವಾರ ಸಂಜೆ ಬಸ್ಸಿನಲ್ಲಿ ಬರುವಾಗ ಹೇಳಿಬಿಡಬೇಕು ಎಂದುಕೊಂಡೇ ಬಂದೆ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ, "ಏನಂದ್ರು?" ಎಂದು ಕೇಳಿದಳು. "ಮತ್ತ ಮಾಡ್ಲಿಕ್ಕೆ ಟೈಮ್ ಕೊಟ್ಟಾರ" ಎಂದೆ. "ದೇವರು ದೊಡ್ಡಾಂವ" ಎಂದು ಅವಳು ಉಸಿರು ಬಿಟ್ಟಳು. "ಮೂರ ದಿನಾ ಆತು, ನನಗ ಅನ್ನಾನ ಇಳೀವಲ್ದಾಗಿತ್ತು." ಆಗ ಹೇಳಬಹುದಿತ್ತು. ಒಂದೇ ವಾಕ್ಯ. ಬಾಯಿಗೆ ಬಂದದ್ದನ್ನು ನುಂಗಿ ಕೈಕಾಲು ತೊಳೆಯಲು ಹೋದೆ. ಹೇಳಿದರೆ ಶುಕ್ರವಾರ ಆಡಿದ ಮಾತನ್ನೆಲ್ಲ ಹಿಂದೆ ತೆಗೆದುಕೊಳ್ಳಬೇಕಾಗುತ್ತಿತ್ತು. ಕೆಳಗಿಳಿದು ಕಾಕು ಮುಂದೆಯೂ ತಲೆ ತಗ್ಗಿಸಬೇಕಾಗುತ್ತಿತ್ತು. ಇನ್ನೊಂದೂ ಇತ್ತು. ಮಧ್ಯಾಹ್ನ ಬಂದರೆ ಈಗ ಕುರ್ಚಿ ಖಾಲಿಯಿರುತ್ತಿತ್ತು. ಅದು ನನಗೆ ಬೇಕಾಗಿಯೇ ಇತ್ತು.

ಅವ್ವನ ಚಿತ್ರಗಳನ್ನು ತೆರೆದು ನೋಡುವ ಧೈರ್ಯ ಬಂದದ್ದು ವಾರದ ಮೇಲೆ. ಇಪ್ಪತ್ತೇಳು ಫೈಲುಗಳಿದ್ದವು. ಒಂದರಿಂದ ಇಪ್ಪತ್ತೇಳು. ಯಾವುದೂ ಉಳಿದಿರಲಿಲ್ಲ. ಕೆಲವು ತೆರೆಯಲೇ ಇಲ್ಲ, ಕೆಲವು ತೆರೆದರೆ ಬಿಳಿ ಪಟ್ಟೆಗಳು. ಒಂದರಲ್ಲಿ ಮಾತ್ರ ಮೇಲಿನ ಒಂದು ಬೆರಳಿನಷ್ಟು ಜಾಗದಲ್ಲಿ ಗೋಪುರದ ತುದಿ ಇತ್ತು, ಕೆಳಗೆಲ್ಲ ಕಲಸಿಹೋಗಿತ್ತು. ಯಂತ್ರವನ್ನು ಶುದ್ಧಮಾಡಲು ಎಲ್ಲವನ್ನೂ ಅಳಿಸಿದೆ. ಅದನ್ನೂ ಅವಳಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಚಿತ್ರಗಳು ಒಳಗೆ ಕ್ಷೇಮವಾಗಿವೆ, ತಾನು ಮುಟ್ಟುವಂತಿಲ್ಲ ಅಷ್ಟೇ ಎಂದು ಅವಳು ನಂಬಿದ್ದಳೆಂದು ನನಗೆ ಗೊತ್ತಿತ್ತು.

ಒಂದು ಸಲ, ಆ ವರ್ಷವೇ, ಬೇಗ ಮನೆಗೆ ಬಂದೆ. ಬಾಗಿಲು ಒರಗಿಸಿತ್ತಷ್ಟೇ. ಅವ್ವ ಮಾನಿಟರಿನ ಮುಂದೆ ನಿಂತಿದ್ದಳು. ಗವುಸು ತೆಗೆದು ಮಡಚಿ ಹೆಗಲ ಮೇಲೆ ಹಾಕಿಕೊಂಡಿದ್ದಳು. ಯಂತ್ರ ನಡೆಯುತ್ತಿತ್ತು. ತೆರೆಯ ಮೇಲೆ ಪಾಸ್‌ವರ್ಡ್ ಕೇಳುವ ಸಾಲು, ಅದರ ಮುಂದೆ ಮಿಣುಕುವ ಸಣ್ಣ ಗೀಟು. ಅವಳು ಕೂತಿರಲಿಲ್ಲ, ಕೀಬೋರ್ಡ್ ಮುಟ್ಟಿರಲಿಲ್ಲ. ಸುಮ್ಮನೆ ಆ ಗೀಟನ್ನು ನೋಡುತ್ತಿದ್ದಳು. ನನ್ನ ಚಪ್ಪಲಿಯ ಸದ್ದಿಗೆ ತಿರುಗಿ, ಗಡಬಡಿಸಿ ಗುಂಡಿ ಒತ್ತಿ ಬಂದ್ ಮಾಡಿದಳು.

"ಧೂಳಾ ಒರಸ್ಲಿಕ್ಕತ್ತಿದ್ದೆ" ಎಂದಳು. ಐವತ್ತರ ಹತ್ತಿರದ ಹೆಂಗಸು ತನ್ನ ಮಗಳ ಮುಂದೆ ಹಾಗೆ ಸುಳ್ಳು ಹೇಳಬೇಕಾಯಿತು. ನಾನು ಹೂಂ ಎಂದು ಒಳಗೆ ಹೋದೆ. ಆಮೇಲೆ ಅವಳು ಆ ಮೇಜಿನ ಹತ್ತಿರ ನಿಂತದ್ದನ್ನು ನೋಡಲಿಲ್ಲ.

ಕಾಕು ಕುಪ್ಪಸ ಮುಗಿಸಿದರು. ತಂಗಿಯ ಮಗಳ ಮದುವೆಗೆ ನಮ್ಮನ್ನೂ ಕರೆದರು. ಹಸಿರು ಖಣದ ಕುಪ್ಪಸದ ತೋಳಿನ ಮೇಲೆ ಆನೆಗಳು ಸಾಲಾಗಿ ಹೋಗುತ್ತಿದ್ದವು. ಅವ್ವ ಮದುಮಗಳ ತೋಳನ್ನು ಹಿಡಿದು, ತೋಳಿನ ಬಟ್ಟೆಯನ್ನು ಒಂದಿಷ್ಟು ಮಗುಚಿ ಹಿಂದಿನ ಹೊಲಿಗೆ ನೋಡಿದಳು, ಕಾಕು ಕಡೆ ನೋಡಿ ನಕ್ಕಳು. ಅವರಿಬ್ಬರೂ ಮತ್ತೆ ಮೆಟ್ಟಿಲ ಮೇಲಿನ ಮಾತಿಗೇ ಹಿಂತಿರುಗಿದರು. ಕಾಕು ನನ್ನೊಡನೆ ಮಾತಾಡುತ್ತಿದ್ದರು, ಆದರೆ ನಮ್ಮ ಹೊಸಲು ದಾಟಿ ಒಳಗೆ ಬರುತ್ತಿರಲಿಲ್ಲ. ಎರಡು ವರ್ಷದ ಮೇಲೆ ಅವರು ಮಗನ ಹೊಸ ಮನೆಗೆ, ಊರಿನ ಇನ್ನೊಂದು ತುದಿಗೆ ಹೋದರು.

ಎರಡು ಸಾವಿರದ ಇಸವಿ ದಾಟಿತು. ನನಗೆ ಧನಕವಡಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವ ಕೆಲಸ ಸಿಕ್ಕಿತು. ಬಣ್ಣದ ಮಾನಿಟರಿನ ಹೊಸ ಕಂಪ್ಯೂಟರ್ ಮನೆಗೆ ಬಂತು. ಹಳೆಯದನ್ನು ಅಂಗಡಿಯವನೇ ಒಯ್ಯುತ್ತೇನೆಂದ. ಅವನು ಮಾನಿಟರನ್ನು ಎದೆಗವಚಿಕೊಂಡು ಬಾಗಿಲು ದಾಟುವಾಗ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು.

"ಅದರಾಗ ನನ್ನ ಆನಿ-ಗೀನಿ ಅವಲ್ಲ?" ಎಂದು ಮೆಲ್ಲಗೆ ಕೇಳಿದಳು. ಇಷ್ಟು ವರ್ಷದಲ್ಲಿ ಅದೊಂದೇ ಸಲ ಕೇಳಿದ್ದು.

"ಅವನ್ನ ಹೊಸಾದರಾಗ ಹಾಕೀನಿ ತಗೋ" ಎಂದೆ. ನನ್ನ ದನಿ ಪೂರ್ತಿ ಸಹಜವಾಗಿತ್ತು. ತೋರಿಸು ಎಂದು ಅವಳು ಕೇಳಿದ್ದರೆ ಏನು ಮಾಡುತ್ತಿದ್ದೆನೋ. ಕೇಳಲಿಲ್ಲ. ನಿಶ್ಚಿಂತೆಯಾಗಿ ಒಳಗೆ ಹೋದಳು.

ಕ್ಲಾಸಿನಲ್ಲಿ ನನಗೆ ಮಧ್ಯಾಹ್ನದ ತಂಡ. ಹೆಚ್ಚಿನವರು ಗೃಹಿಣಿಯರು. ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಕಲಿಯೋಣವೆಂದು ಬಂದವರು. ಮೌಸನ್ನು ಎರಡೂ ಕೈಯಿಂದ ಹಿಡಿಯುವವರು, ಬಾಣ ಕಾಣದಾದರೆ ನನ್ನನ್ನು ಕೂಗುವವರು. ನನಗೆ ತಾಳ್ಮೆ ಬಹಳವೆಂದು ಅಲ್ಲಿ ಹೆಸರಿತ್ತು. ಒಂದು ದಿನ ಅವ್ವನ ವಯಸ್ಸಿನ ಒಬ್ಬರು ತೆರೆಯ ಮೇಲೆ ಬಂದ ಪ್ರಶ್ನೆಯನ್ನು ನೋಡಿ ಕೈ ಹಿಂದೆ ತೆಗೆದುಕೊಂಡರು. ಹೌದು ಒತ್ತಬೇಕೋ ಬೇಡವೋ, ತಪ್ಪಾದರೆ ಎಲ್ಲ ಹಾಳಾಗುತ್ತದೇನೋ ಎಂದು ಮರಾಠಿಯಲ್ಲಿ ಕೇಳಿದರು. ಮನೆಯಲ್ಲಿ ಮಗ ಮುಟ್ಟಲು ಬಿಡುವುದಿಲ್ಲವಂತೆ.

"ಹೆದರಬೇಡಿ. ಒಂದು ಹೌದು ಒತ್ತಿದರೆ ಎಲ್ಲ ಹಾಳಾಗುವುದಿಲ್ಲ" ಎಂದೆ, ಅವರದೇ ಮರಾಠಿಯಲ್ಲಿ, ದಿನವೂ ಹತ್ತು ಸಲ ಹೇಳುವ ಹಾಗೆ. ಹೇಳಿದ ಮೇಲೆ ಅವರ ಹತ್ತಿರ ನಿಲ್ಲಲಾಗಲಿಲ್ಲ. ಹೊರಗೆ ಬಂದು ನೀರು ಕುಡಿದೆ. ಆ ದಿನ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹೋದೆ.

ಅವ್ವನಿಗೆ ಅಷ್ಟರಲ್ಲಿ ಎರಡೂ ಕಣ್ಣಿನ ಆಪರೇಶನ್ ಆಗಿತ್ತು. ಮೆಂತ್ಯ ಸೊಪ್ಪು ಮುಂದೆ ಹರವಿಕೊಂಡು ಸೋಸುತ್ತಿದ್ದಳು. ನಾನೂ ಎದುರಿಗೆ ಕೂತು ಒಂದು ಕಟ್ಟು ಬಿಚ್ಚಿದೆ. ಕೈ ಕೆಲಸದಲ್ಲಿದ್ದರೆ ಹೇಳುವುದು ಸುಲಭವೆನಿಸಿತು. ವೈರಸ್ಸಿನ ವಿಷಯ, ಫ್ಲಾಪಿಯ ವಿಷಯ, ಸೋಮವಾರವೇ ನನಗೆ ಗೊತ್ತಾದದ್ದು, ಅವಳ ಚಿತ್ರಗಳು ಆಗಲೇ ಹೋದದ್ದು, ಹೊಸದರಲ್ಲಿ ಯಾವುದೂ ಇಲ್ಲದಿರುವುದು. ಎಲ್ಲ ಹೇಳಿದೆ.

"ಎಲ್ಲಾನೂ ಹೋದ್ವು?" ಎಂದಳು ಕಡೆಗೆ.

"ಎಲ್ಲಾನೂ."

"ನನ್ನಿಂದ ಅಲ್ಲ ಹಂಗಾರ."

"ಅಲ್ಲವ್ವಾ. ನನ್ನಿಂದ."

ಅವಳು ಒಂದು ಕಡ್ಡಿಯಿಂದ ಎಲೆ ಬಿಡಿಸಿದಳು, ಇನ್ನೊಂದು ತೆಗೆದುಕೊಂಡಳು. ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆವಾಗ ಹೇಳಿದ್ರ ಇನ್ನೊಮ್ಮೆ ಬರೀತಿದ್ದೆ ಯವ್ವಾ" ಎಂದಳು. "ಆವಾಗ ಎಲ್ಲಾ ತಲಿಯಾಗನ ಇದ್ವು. ಅದರಾಗ ಅವ ಅಂತ ತಿಳಿದು ನಾ ಬಿಟ್ಟ್‌ಬಿಟ್ಟೆ. ನೆನಪ ಇಟಗೊಳ್ಳೋದ ಬ್ಯಾಡ ಅಂತ."

ದೊಡ್ಡಮ್ಮ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಆ ಊರಿನಲ್ಲಿ ಅವಳ ಕೈಯ ಬಟ್ಟೆಗಳು ಯಾರ ಯಾರ ಮನೆಗೋ ಹೋಗಿ ಸವೆದು, ಹರಿದು, ಪಾತ್ರೆ ಒರೆಸುವ ಅರಿವೆಯೂ ಆಗಿರಬೇಕು. ಕೇಳಲು ಇನ್ನೊಬ್ಬರು ಉಳಿದಿರಲಿಲ್ಲ.

ಭಾನುವಾರ ಅವ್ವನನ್ನು ಹೊಸ ಕಂಪ್ಯೂಟರಿನ ಮುಂದೆ ಕೂಡಿಸಿದೆ. ಬೇಡವೆಂದಳು, ಒತ್ತಾಯ ಮಾಡಿದೆ. ತೆರೆಯನ್ನು ಕಪ್ಪು ಮಾಡಿ, ಹಿಗ್ಗಿಸಿ, ಮೌಸನ್ನು ಅವಳ ಕೈಗೆ ಕೊಟ್ಟೆ. ಆನೆ ಬಂತು. ತೊಟ್ಟಿಲು ಬಂತು, ತುಳಸಿಕಟ್ಟೆ ಬಂತು. ಅವೆಲ್ಲ ಎಲ್ಲರೂ ಹಾಕುವಂಥವು. ಆಮೇಲೆ ದೊಡ್ಡಮ್ಮನದೇ ಆದ ಒಂದು ನವಿಲಿಗೆ ಕೈ ಹಾಕಿದಳು. ಕೊರಳಿನವರೆಗೆ ಬಂತು. ಪುಕ್ಕ ಎಲ್ಲಿಂದ ಒಡೆಯಬೇಕು ಎನ್ನುವಲ್ಲಿ ನಿಂತಳು. ಏಳು ಚುಕ್ಕಿ ಹಾಕಿದಳು, ಅಳಿಸಿದಳು. ಒಂಬತ್ತು ಹಾಕಿದಳು, ಅದನ್ನೂ ಅಳಿಸಿದಳು. ಬಲಗೈಯ ಬೆರಳುಗಳಿಂದ ಗಾಳಿಯಲ್ಲಿ ಸೂಜಿ ಹಿಡಿದು ಹೊಲಿದ ಹಾಗೆ ಮಾಡಿ ನೋಡಿದಳು.

"ಇಲ್ಲ, ಎಣಿಕಿ ಹೋಗೇದ" ಎಂದು ಎದ್ದಳು. "ನೀ ನಿನ್ನ ಕೆಲಸಾ ಮಾಡ್ಕೋ."

ನಾನು ಆ ಅರ್ಧ ನವಿಲನ್ನು ಉಳಿಸಿದೆ. ಹೆಸರು ಏನಿಡಬೇಕೆಂದು ಅವಳನ್ನು ಕೇಳಿದೆ. ಅವಳು ಆಗಲೇ ಒಳಗೆ ಹೋಗಿ ಅಪ್ಪನಿಗೆ ಊಟಕ್ಕೆ ತಟ್ಟೆ ಹಾಕುತ್ತಿದ್ದಳು.